ಮನೆಯ ಕೆಳಗಿನ ನೆಲ: ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಸರ್ಕಾರಿ ವಸತಿಯ ಚರಿತ್ರೆ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳಲ್ಲಿ ಬಡವರ ಮನೆಗೆ ಸರ್ಕಾರದ ಹಣ ಮೂರು ದಾರಿಯಲ್ಲಿ ಬಂದಿದೆ: ನಿವೇಶನವಾಗಿ, ಮನೆ ಕಟ್ಟಿಕೊಳ್ಳಲು ಕೊಡುವ ಸಾಲ ಅಥವಾ ಸಹಾಯಧನವಾಗಿ, ಕೊನೆಗೆ ಹಕ್ಕುಪತ್ರವಾಗಿ. ಸರ್ಕಾರವೇ ಮನೆ ಕಟ್ಟಿ, ತಾನೇ ಮಾಲೀಕನಾಗಿ ಉಳಿದು, ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಅಂಥ ಮನೆ ಸಿಕ್ಕಿದ್ದು ಸರ್ಕಾರಿ ನೌಕರರಿಗೆ ಮಾತ್ರ. ಜನ ಅದನ್ನು ಕ್ವಾರ್ಟರ್ಸ್ ಎಂದು ಕರೆದರು. ವರ್ಗವಾದವರು ಅದನ್ನು ಖಾಲಿ ಮಾಡಿ ಹೋದರು. ಹೋಲಿಕೆಗೆ ನೋಡಿದರೆ, ಬ್ರಿಟನ್ನಿನಲ್ಲಿ 1919ರ ಕಾನೂನಿನ ನಂತರ ಸ್ಥಳೀಯ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಬಾಡಿಗೆ ಮನೆ ಕಟ್ಟತೊಡಗಿದವು. 1970ರ ದಶಕದ ಕೊನೆಗೆ ಅಲ್ಲಿನ ಹೆಚ್ಚುಕಡಿಮೆ ಮೂರರಲ್ಲೊಂದು ಕುಟುಂಬ ಅಂಥ ಮನೆಯಲ್ಲಿತ್ತು. ಆ ಬಾಡಿಗೆದಾರರನ್ನು ಕಾರಣವಿಲ್ಲದೆ ಹೊರಹಾಕಬಾರದೆಂಬ ಭದ್ರತೆಯನ್ನು 1980ರ ಕಾನೂನು ಕೊಟ್ಟಿತು, ಅದೇ ಮನೆಯನ್ನು ಕೊಂಡುಕೊಳ್ಳುವ ಹಕ್ಕನ್ನೂ ಕೊಟ್ಟಿತು. ಬೀದರ್ ಜಿಲ್ಲೆಯ ಪ್ರಶ್ನೆ ಹುಟ್ಟಿದ್ದೇ ಬೇರೆ ಕಡೆ. ಇಲ್ಲಿ ಬಡವರ ಮನೆಯನ್ನು ಕಟ್ಟಿದವರು ಅದರಲ್ಲಿ ವಾಸಿಸುವವರೇ. ನೆಲ ಮಾತ್ರ ಗೌಡನದೋ, ಜಾಗೀರುದಾರನದೋ, ಸರ್ಕಾರದ್ದೋ ಆಗಿರುತ್ತಿತ್ತು. ಹಾಗಾಗಿ ಈ ಸೀಮೆಯ ವಸತಿಯ ಚರಿತ್ರೆಯೆಂದರೆ ಬಹುಪಾಲು ಆ ನೆಲದ ಚರಿತ್ರೆ.

ಕಲ್ಯಾಣ 11ನೇ ಶತಮಾನದ ನಡುವೆ, ಒಂದನೆಯ ಸೋಮೇಶ್ವರನ ಕಾಲದಲ್ಲಿ, ಚಾಲುಕ್ಯರ ರಾಜಧಾನಿಯಾಯಿತು. ಆ ಕಾಲದ ಕನ್ನಡ ಶಾಸನಗಳ ದಾನದ ಪಟ್ಟಿಯಲ್ಲಿ ಗದ್ದೆ, ತೋಟ, ಗಾಣಗಳ ಜೊತೆಗೆ ಮನೆಯ ನಿವೇಶನವೂ ಬರುತ್ತದೆ. ಮನೆದೆರೆ ಎಂಬ ತೆರಿಗೆಯೂ ಕಾಣುತ್ತದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಇಲ್ಲಿಯೇ ‘ಮಿತಾಕ್ಷರಾ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟು ಎಂಬ ಅದರ ನಿಲುವು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಮನೆ–ಹೊಲದ ಪಾಲನ್ನು 20ನೇ ಶತಮಾನದವರೆಗೆ ನಿರ್ಧರಿಸಿತು. ಮನೆ ಯಾರದೆಂಬ ವಿಚಾರದಲ್ಲಿ ದೇಶಕ್ಕೇ ನಿಯಮ ಕೊಟ್ಟ ಊರು ಇದು. ಆದರೆ ಶಾಸನವೂ ಶಾಸ್ತ್ರವೂ ಬರೆದಿಟ್ಟದ್ದು ಆಸ್ತಿವಂತರ ಲೆಕ್ಕವನ್ನು. 12ನೇ ಶತಮಾನದಲ್ಲಿ ಕಾಯಕದ ಜನ ಕಲ್ಯಾಣಕ್ಕೆ ಬಂದು ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿ ಇಂದು ತೋರಿಸುವುದು ಊರಂಚಿನ ಗವಿಗಳನ್ನು: ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ.

ನಡುವಿನ ಶತಮಾನಗಳಲ್ಲಿ ಕಲ್ಯಾಣದ ಕೋಟೆ ಬಹಮನಿ, ಬರೀದಶಾಹಿ, ಬಿಜಾಪುರ, ಮೊಘಲರ ಕೈ ದಾಟಿ ಹೈದರಾಬಾದಿನ ನಿಜಾಮರ ಕೈಸೇರಿತು. 18ನೇ ಶತಮಾನದಿಂದ ಅದು ಕಲ್ಯಾಣಿಯ ನವಾಬರ ಜಾಗೀರು. ಚಿಟಗುಪ್ಪದ ಸುತ್ತ ನಿಜಾಮರ ಸರದಾರರಾದ ಪಾಯಗಾ ಮನೆತನದ ಆಡಳಿತವಿತ್ತು. ನಿಜಾಮ ರಾಜ್ಯದ ಸುಮಾರು ಮೂರನೇ ಒಂದು ಭಾಗ ಹೀಗೆ ಜಾಗೀರುಗಳಲ್ಲಿತ್ತು. ಅಲ್ಲಿ ಕಂದಾಯ ವಸೂಲಿ ಜಾಗೀರುದಾರನದು, ಅನೇಕ ಕಡೆ ಪೊಲೀಸು, ನ್ಯಾಯವೂ ಅವನದೇ. ಸರ್ಕಾರವೇ ನೇರವಾಗಿ ಆಳುತ್ತಿದ್ದ ದಿವಾನಿ ಹಳ್ಳಿಯ ರೈತ ಒಬ್ಬ ತಹಶೀಲ್ದಾರನಿಗೆ ಅಂಜಿದರೆ, ಜಾಗೀರಿನ ರೈತ ಒಂದು ಮನೆತನಕ್ಕೇ ಅಂಜಿ ಬದುಕಬೇಕಿತ್ತು.

ಈ ವ್ಯವಸ್ಥೆಯಲ್ಲಿ ಬಡವರ ಮನೆಗೆ ದಾಖಲೆಯೆಂಬುದು ಇರಲಿಲ್ಲ. ಒಂದನೆಯ ಸಾಲಾರ್ ಜಂಗ್ ದಿವಾನನಾಗಿದ್ದಾಗ ಭೂ ಆಡಳಿತ ಹೊಸದಾಗಿ ರೂಪುಗೊಂಡು, 1870ರ ದಶಕದಿಂದ ಸರ್ವೆ ನಡೆಯಿತು. ಸರ್ವೆಯವರು ಕಂದಾಯ ತರುವ ಹೊಲಗಳನ್ನು ಒಂದೊಂದಾಗಿ ಅಳೆದು ನಂಬರು ಕೊಟ್ಟರು. ಜನ ಮನೆ ಕಟ್ಟಿಕೊಂಡಿದ್ದ ಗಾವಠಾಣವನ್ನು ಒಂದೇ ತುಂಡಾಗಿ ಬಿಟ್ಟರು, ಅದರೊಳಗೆ ಯಾವ ಮನೆ ಯಾರದೆಂದು ಬರೆಯಲಿಲ್ಲ. ಸರ್ಕಾರಕ್ಕೆ ಅದರ ಅಗತ್ಯವಿರಲಿಲ್ಲ. ಆದರೆ ಆ ಖಾಲಿ ಜಾಗ ಮುಂದಿನ ನೂರೈವತ್ತು ವರ್ಷಗಳ ತಕರಾರಿಗೆ ಬೀಜವಾಯಿತು. ಗಾವಠಾಣದ ನಡುವೆ ಕಲ್ಲಿನ ವಾಡೆ. ಅದರ ಸುತ್ತ ಒಕ್ಕಲಿನವರ ಮಣ್ಣಿನ ಮಾಳಿಗೆ ಮನೆಗಳು. ಊರ ಹೊರಗೆ ಹೊಲೆಯರ, ಮಾದಿಗರ ಕೇರಿ. ಕೇರಿಯವರು ಊರಿನ ಬಿಟ್ಟಿ ಚಾಕರಿ ಮಾಡುವಷ್ಟು ದಿನ ಅಲ್ಲಿರಬಹುದಿತ್ತು. ಜೀತದಾಳಿನ ಗುಡಿಸಲು ಧಣಿಯ ಹೊಲದ ಬದುವಿನಲ್ಲೋ ಹಿತ್ತಲಲ್ಲೋ ಇರುತ್ತಿತ್ತು. ಕೆಲಸ ಹೋದ ದಿನವೇ ಮನೆಯೂ ಹೋಗುತ್ತಿತ್ತು.

ಲಂಬಾಣಿ ತಾಂಡಾಗಳು ಈ ನಕ್ಷೆಯ ಹೊರಗೇ ಉಳಿದವು. ಎತ್ತಿನ ಹೇರಿನ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದ ಬಂಜಾರರ ವ್ಯಾಪಾರವನ್ನು ರೈಲು ಮತ್ತು ರಸ್ತೆ ಕಿತ್ತುಕೊಂಡ ಮೇಲೆ ಅವರು ಗುಡ್ಡದ ಓರೆಯಲ್ಲಿ, ಸರ್ಕಾರಿ ಜಮೀನಿನಲ್ಲಿ, ಪಟೇಲನ ಬೀಳು ಹೊಲದಲ್ಲಿ ನೆಲೆಯೂರಿದರು. ಪ್ರತಿ ತಾಂಡಾಕ್ಕೆ ಒಬ್ಬ ನಾಯಕನಿದ್ದ, ಸೇವಾಲಾಲರ ಗುಡಿಯಿತ್ತು, ಗಾವಠಾಣ ಮಾತ್ರ ಇರಲಿಲ್ಲ.

ನಿಜಾಮ ಸರ್ಕಾರ ವಸತಿಗೆ ಹಣ ಹಾಕಲೇ ಇಲ್ಲವೆಂದಲ್ಲ. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹ ಹೈದರಾಬಾದ್ ನಗರವನ್ನು ಹಾಳುಗೆಡವಿದ ಮೇಲೆ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಅದು ಇಕ್ಕಟ್ಟಿನ ಕೇರಿಗಳನ್ನು ತೆರವುಗೊಳಿಸಿ ಸಾಲುಮನೆಗಳನ್ನು ಕಟ್ಟಿ ಸಾಮಾನ್ಯರಿಗೆ ಬಾಡಿಗೆಗೆ ಕೊಟ್ಟಿತು. ದಖ್ಖನಿನಲ್ಲಿ ಸಾರ್ವಜನಿಕ ಬಾಡಿಗೆ ವಸತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕಡಿಮೆ. ಆ ಪ್ರಯೋಗ ಮಾತ್ರ ರಾಜಧಾನಿಯ ಗಡಿ ದಾಟಲಿಲ್ಲ. ಬೀದರ್ ಜಿಲ್ಲೆಯ ಕಂದಾಯ ಹೈದರಾಬಾದಿಗೆ ಹೋಯಿತು, ಸಾಲುಮನೆ ಇತ್ತ ಬರಲಿಲ್ಲ.

1948 ಈ ಸೀಮೆಯ ಮನೆಗಳಿಗೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೊರ್ಟಾ ಗ್ರಾಮದಲ್ಲಿ ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದರು. ಬದುಕಿ ಉಳಿದವರು ಊರು ಬಿಟ್ಟು ಓಡಿದರು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹಿಂಸೆ ಮುಸ್ಲಿಮರ ಕಡೆ ತಿರುಗಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗ, ನಾಂದೇಡ್‌ಗಳ ಜೊತೆ ಬೀದರನ್ನೂ ಹೆಸರಿಸಿತು. ಒಂದೇ ವರ್ಷದಲ್ಲಿ ಎರಡೂ ಕಡೆಯ ಜನ ಮನೆ ಬಿಟ್ಟು ಹೋದರು. ಮರಳಿ ಬಂದವರ ಬಳಿ ಮನೆ ತಮ್ಮದೆನ್ನಲು ಕಾಗದವಿರಲಿಲ್ಲ, ನೆರೆಯವರ ಸಾಕ್ಷಿಯೇ ಆಧಾರ.

1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು. ಕಲ್ಯಾಣಿಯ ನವಾಬರ ಆಡಳಿತವೂ ಅದರೊಂದಿಗೆ ಮುಗಿಯಿತು. ಮರುವರ್ಷದ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾನೂನು ನಿರ್ದಿಷ್ಟ ಅವಧಿಯಲ್ಲಿ ಸತತ ಆರು ವರ್ಷ ಉಳುಮೆ ಮಾಡಿದ ಗೇಣಿದಾರನನ್ನು ರಕ್ಷಿತ ಗೇಣಿದಾರನೆಂದು ಗುರುತಿಸಿತು. 1945ರ ಸುಮಾರಿಗೆ ಬಂದಿದ್ದ ಶಿಕ್ಮಿದಾರರ (ಗೇಣಿ ಒಕ್ಕಲುಗಳ) ಕಾನೂನಿಗಿಂತ ಇದು ಬಹಳ ಮುಂದಿತ್ತು. ಆ ಕಾಲದ ಭಾರತದಲ್ಲೇ ಇದು ಧೈರ್ಯದ ಕಾನೂನುಗಳಲ್ಲೊಂದು. ಆದರೆ ಇದು ಹೊಲದ ಕಾನೂನು. ಪಾಲಿಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಬಂದರೆ ಅವನಿಗೆ ರಕ್ಷಣೆ. ಹೊಲವೇ ಇಲ್ಲದ ಕೂಲಿಯವನ ಹೆಸರು ಪಹಣಿಯಲ್ಲಿ ಬರುವುದಾದರೂ ಹೇಗೆ? ಪಟವಾರಿ ಯಾರ ಹೆಸರು ಬರೆದ, ಯಾರದನ್ನು ಬಿಟ್ಟ ಎಂಬುದು ಊರಿನ ಬಲಾಬಲದ ಮೇಲೆ ನಿಂತಿತ್ತು.

ಪೇಟೆಯ ಬಾಡಿಗೆ ಮನೆಗಳಿಗೆ 1954ರಲ್ಲಿ ಹೈದರಾಬಾದ್ ರಾಜ್ಯ ಬೇರೆ ಕಾನೂನು ಮಾಡಿ ಬಾಡಿಗೆ ಮತ್ತು ಒಕ್ಕಲೆಬ್ಬಿಸುವಿಕೆ ಎರಡಕ್ಕೂ ಅಂಕುಶ ಹಾಕಿತು. ಎರಡೇ ವರ್ಷದಲ್ಲಿ ರಾಜ್ಯವೇ ಒಡೆಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಹುಮನಾಬಾದ್, ಕಲ್ಯಾಣ ಮೈಸೂರಿಗೆ ಬಂದವು. ಕಲ್ಯಾಣಿ ಬಸವಕಲ್ಯಾಣವಾಯಿತು. ಮದುವೆ, ಜಾತ್ರೆ, ಸಂತೆಗಳಲ್ಲಿ ಒಂದಾಗಿದ್ದ ಕುಟುಂಬಗಳು ಮೂರು ರಾಜ್ಯಗಳ ಮೂರು ಬಗೆಯ ವಸತಿ ಕಾನೂನಿನಡಿ ಬಂದವು. ಮೈಸೂರು ಸರ್ಕಾರದ 1961ರ ಬಾಡಿಗೆ ನಿಯಂತ್ರಣ ಕಾನೂನು ಹೈದರಾಬಾದಿನ ಕಾನೂನಿನ ಜಾಗಕ್ಕೆ ಬಂತು. 1962ರ ಗೃಹ ಮಂಡಳಿಯ ಕಾನೂನು ಬಡಾವಣೆ ಕಟ್ಟಿ ಮನೆ ಹಂಚುವ ಸಂಸ್ಥೆಯನ್ನು ರೂಪಿಸಿತು. ಅದರ ಗಮನ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕಡೆಗಿದ್ದುದರಿಂದ ಈ ಎರಡು ಊರುಗಳಿಗೆ ತಕ್ಷಣ ಏನೂ ಆಗಲಿಲ್ಲ.

ತಿರುವು ಬಂದದ್ದು 1970ರ ದಶಕದಲ್ಲಿ. ಭೂರಹಿತ ಕೂಲಿಗಾರರಿಗೆ ಉಚಿತ ನಿವೇಶನ ಕೊಡುವ ಯೋಜನೆಯನ್ನು ಕೇಂದ್ರ 1971ರಲ್ಲಿ ಆರಂಭಿಸಿತು. ದೇವರಾಜ ಅರಸರ ಸರ್ಕಾರ ಅದಕ್ಕೆ ಜನತಾ ಮನೆಯನ್ನು ಜೋಡಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ಜನ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಿಂದ ನೆನೆಯುತ್ತಾರೆ. ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತವರ ಮನೆಗಳಲ್ಲಿ ಆ ಕಥೆ ಇಂದಿಗೂ ನಡೆಯುತ್ತದೆ. ವಸತಿಯ ದೃಷ್ಟಿಯಿಂದ ನೋಡಿದರೆ ಅಷ್ಟೇ ತೂಕದ್ದು ಆ ಕಾನೂನಿನ 38ನೇ ಕಲಂ. ಪರರ ಜಮೀನಿನಲ್ಲಿರುವ ಮನೆಯಲ್ಲಿ ವಾಸಿಸುವ ಕೃಷಿ ಕೂಲಿಗಾರ ಆ ಮನೆಗೂ ಅದರ ಕೆಳಗಿನ ನೆಲಕ್ಕೂ ಒಡೆಯನಾಗಬಹುದು ಎಂದು ಅದು ಹೇಳಿತು. ಮರುವರ್ಷ ಜೀತ ಪದ್ಧತಿ ಸುಗ್ರೀವಾಜ್ಞೆಯಿಂದ ರದ್ದಾಯಿತು, 1976ರಲ್ಲಿ ಅದು ಕಾನೂನಾಯಿತು. ಕೆಲಸ ಹೋದರೆ ಮನೆ ಹೋಗುತ್ತದೆ ಎಂಬ ಹಳೆಯ ಕೊಂಡಿ ಕಾಗದದ ಮೇಲಾದರೂ ಕಡಿಯಿತು.

ಕಾಗದ ಮತ್ತು ಊರಿನ ನಡುವೆ ದೂರ ಬಹಳವಿತ್ತು. ಗೇಣಿದಾರ ಧಣಿಯ ಎದುರು ಅರ್ಜಿ ಹಾಕಿದರೆ ಹೆಚ್ಚೆಂದರೆ ಮುಂದಿನ ವರ್ಷದ ಹೊಲ ಕಳೆದುಕೊಳ್ಳುತ್ತಿದ್ದ. ಕೂಲಿಯವನು ಅರ್ಜಿ ಹಾಕಿದರೆ ನಾಳೆಯ ಕೂಲಿ, ಕೈಸಾಲ, ಬಾವಿಯ ನೀರು ಎಲ್ಲವೂ ಪ್ರಶ್ನೆಯಾಗುತ್ತಿತ್ತು. ಹೀಗಾಗಿ 38ನೇ ಕಲಮಿಗಿಂತ ಜನತಾ ಕಾಲೋನಿಯೇ ಸುಲಭದ ದಾರಿಯಾಯಿತು. ಸರ್ಕಾರ ಊರ ಬದಿಯಲ್ಲಿ ಎಕರೆ, ಎರಡೆಕರೆ ಕೊಂಡು ಅಥವಾ ಗಾಯರಾಣ (ಗೋಮಾಳ) ಭೂಮಿಯನ್ನು ತೆಗೆದು ಸಣ್ಣ ನಿವೇಶನಗಳನ್ನು ಹಂಚಿತು. ಒಂದು ಕೋಣೆ, ಒಂದು ಪಡಸಾಲೆ, ಮೇಲೆ ಹಂಚು ಅಥವಾ ಪತ್ರಾ (ತಗಡು). ಧಣಿಗೂ ಇದು ಒಗ್ಗಿತು, ಅವನ ಹಿತ್ತಲು ಖಾಲಿಯಾಯಿತು. ಆದರೆ ಅಗ್ಗಕ್ಕೆ ಸಿಗುವ ನೆಲ ಸಾಮಾನ್ಯವಾಗಿ ಹಳೆಯ ಕೇರಿಯ ಆಚೆಗಿನದು. ಹೀಗೆ ಹೊಸ ಕಾಲೋನಿ ಹಳೆಯ ಕೇರಿಯ ಮುಂದುವರಿಕೆಯಾಗಿ ಬೆಳೆಯಿತು. ಸರ್ಕಾರದ ಹಣ ಜನರಿಗೆ ಗೋಡೆ ಕೊಟ್ಟಿತು, ಊರಿನ ಜಾತಿ ನಕ್ಷೆಯನ್ನು ಅಳಿಸಲಿಲ್ಲ. ಕೆಲವೆಡೆ ಅದನ್ನು ಇನ್ನಷ್ಟು ಗಟ್ಟಿಮಾಡಿತು ಎಂದೂ ಹೇಳಬೇಕು.

1985ರಲ್ಲಿ ಇಂದಿರಾ ಆವಾಸ್ ಬಂತು; ಆರಂಭದಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ ಮೀಸಲಾಗಿದ್ದುದು 1996ರಲ್ಲಿ ಸ್ವತಂತ್ರ ಯೋಜನೆಯಾಯಿತು. ಮನೆಯನ್ನು ಹೆಂಡತಿಯ ಹೆಸರಿಗೆ ಅಥವಾ ಗಂಡ–ಹೆಂಡತಿ ಇಬ್ಬರ ಹೆಸರಿಗೂ ಕೊಡಬೇಕೆಂಬ ನಿಯಮ ಅದರ ದೊಡ್ಡ ಕೊಡುಗೆ. ಮಿತಾಕ್ಷರದ ಊರಿನಲ್ಲಿ ಹೆಣ್ಣಿನ ಹೆಸರಿಗೆ ಮನೆಯ ಪತ್ರ ಬರಲು ಎಂಟುನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ರಾಜ್ಯದ ಆಶ್ರಯ ಯೋಜನೆ 1991–92ರಲ್ಲಿ ಆರಂಭವಾಯಿತು. ಅದರಲ್ಲಿ ಸಹಾಯಧನದ ಜೊತೆ ಸಾಲವೂ ಇತ್ತು. ಪೇಟೆಗಳಲ್ಲಿ ಫಲಾನುಭವಿಗಳನ್ನು ಆರಿಸಲು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಗಳಲ್ಲಿ ಗ್ರಾಮಸಭೆ. ‘ಆಶ್ರಯ ಮನಿ ಬಂದೈತೇನು?’ ಎಂಬುದು ಆ ದಶಕದ ಚುನಾವಣೆಗಳಲ್ಲಿ ಮನೆಮನೆಯ ಪ್ರಶ್ನೆಯಾಯಿತು. ಸಾಲದ ಕಂತು ಕಟ್ಟಿದವರು ಕಡಿಮೆ. 2013ರ ನಂತರ ರಾಜ್ಯ ಸರ್ಕಾರ ಆ ಸಾಲಗಳನ್ನು ಮನ್ನಾ ಮಾಡಿತು.

2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಈ ಎಲ್ಲ ಯೋಜನೆಗಳನ್ನು ಒಂದೇ ಸೂರಿನಡಿ ತಂದಿತು. ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತವಾಗಿ ಹಣ ಬಿಡುಗಡೆ. ಪ್ರತಿ ಹಂತದ ಫೋಟೊ ಮೊಬೈಲಿನಿಂದ ಹೋಗಬೇಕು. ಮೋಸ ತಡೆಯಲು ಈ ಕ್ರಮ ಒಳ್ಳೆಯದೇ. ಬಡವರಿಗೆ ಅದರ ಹೊರೆ ಬೇರೆ ರೀತಿಯದು: ಮೊದಲ ಕಂತು ಬರುವ ಮುನ್ನ ಪಾಯ ತೋಡಲು ಕೈಯಿಂದ ಹಣ ಹಾಕಬೇಕು, ಮುಂದಿನ ಕಂತು ತಡವಾದರೆ ಗೋಡೆ ಅರ್ಧಕ್ಕೆ ನಿಲ್ಲಬೇಕು. ಲಿಂಟಲ್ ಮಟ್ಟದಲ್ಲಿ ಮಳೆ ತಿನ್ನುತ್ತಿರುವ ಮನೆ ಈ ಸೀಮೆಯ ಯಾವ ಹಳ್ಳಿಯಲ್ಲೂ ಹೊಸ ನೋಟವಲ್ಲ. 2016ರಿಂದ ಇಂದಿರಾ ಆವಾಸ್‌ನ ಜಾಗಕ್ಕೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಮತ್ತು ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣ ನಿಗದಿಮಾಡಿತು. ರಾಜ್ಯದ ಗ್ರಾಮೀಣ ಆಶ್ರಯ ಅಷ್ಟರಲ್ಲಿ ಬಸವ ವಸತಿ ಯೋಜನೆ ಎಂಬ ಹೆಸರು ಪಡೆದಿತ್ತು. ಬಸವಣ್ಣನ ಕರ್ಮಭೂಮಿಯಲ್ಲೇ ಸರ್ಕಾರ 2021ರ ಜನವರಿಯಲ್ಲಿ 500 ಕೋಟಿ ರೂಪಾಯಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿತು. ಊರಿನ ಕೀರ್ತಿಗೆ ಅದು ಬೇಕು. ಆ ಮೊತ್ತವನ್ನು 1.20 ಲಕ್ಷದ ಮನೆಗಳಾಗಿ ಎಣಿಸಿದರೆ ನಲವತ್ತು ಸಾವಿರ ದಾಟುತ್ತದೆ ಎಂಬುದೂ ಲೆಕ್ಕವೇ.

ಮನೆ ಕಟ್ಟುವ ವಿಧಾನ ಬದಲಾಗಲು ಸರ್ಕಾರದ ನಕ್ಷೆಗಿಂತ ಒಂದು ಭೂಕಂಪ ಹೆಚ್ಚು ಕಾರಣವಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಬಸವಕಲ್ಯಾಣದಿಂದ ಅದು ನೇರ ದಾರಿಯಲ್ಲಿ ಐವತ್ತು ಕಿಲೋಮೀಟರಿಗಿಂತ ಹತ್ತಿರ. ಗಡಿಯಾಚೆ ಸುಮಾರು ಹತ್ತು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಹೆಚ್ಚಾಗಿ ಮನೆಗಳೇ: ಮಣ್ಣಿನ ಗಾರೆಯಲ್ಲಿ ಇಟ್ಟ ಗುಂಡುಕಲ್ಲಿನ ದಪ್ಪ ಗೋಡೆ, ಜಂತಿಯ ಮೇಲೆ ವರ್ಷವರ್ಷ ಹೇರುತ್ತ ಬಂದ ಮಣ್ಣು. ಬೇಸಿಗೆಯಲ್ಲಿ ತಂಪು ಕೊಡುವ ಮಾಳಿಗೆಯ ಭಾರವೇ ಆ ಬೆಳಗು ಮಲಗಿದ್ದವರ ಮೇಲೆ ಕುಸಿಯಿತು. ಮಹಾರಾಷ್ಟ್ರ ವಿಶ್ವಬ್ಯಾಂಕಿನ ಸಾಲದಿಂದ 52 ಹಳ್ಳಿಗಳನ್ನು ಪೂರ್ತಿಯಾಗಿ ಹೊಸ ಜಾಗಕ್ಕೆ ಸಾಗಿಸಿತು. ಸಾರ್ವಜನಿಕ ಹಣದಿಂದ ಇಡೀ ಊರು ಕಟ್ಟುವುದೆಂದರೆ ಏನೆಂದು ಈ ಕಡೆಯ ಜನ ನಂಟರ ಮನೆಗೆ ಹೋಗಿ ಕಂಡರು. ಬಸವಕಲ್ಯಾಣ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮೇಲಿನ ನಂಬಿಕೆ ಅಲ್ಲಿಂದ ಸಡಿಲವಾಯಿತು. ಉಳ್ಳವರು ಆರ್‌ಸಿಸಿಗೆ, ಇಲ್ಲದವರು ಪತ್ರಾಕ್ಕೆ ತಿರುಗಿದರು. ಪತ್ರಾದ ಕೆಳಗೆ ಏಪ್ರಿಲ್, ಮೇ ಕಳೆಯುವುದು ಎಷ್ಟು ಕಷ್ಟವೆಂಬುದು ಅದರಡಿ ಇರುವವರಿಗೆ ಗೊತ್ತು.

ನೆಲದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅದರ ಹೊರೆ ಹೆಚ್ಚು ಬಿದ್ದದ್ದು ತಾಂಡಾಗಳ ಮೇಲೆ. ವಸತಿ ಯೋಜನೆಯ ಹಣ ಬೇಕಾದರೆ ಸ್ವಂತ ನಿವೇಶನವಿರಬೇಕು. ತಾಂಡಾ ನಿಂತ ಜಾಗ ಕಂದಾಯ ದಾಖಲೆಯಲ್ಲಿ ಯಾರದೋ ಹೊಲ ಅಥವಾ ಸರ್ಕಾರಿ ಜಮೀನು. ಅಲ್ಲಿ ಮೂರು ತಲೆಮಾರು ಕಳೆದರೂ ಮನೆ ಅನಧಿಕೃತ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗಿ ಬಂದ ಹಣದಲ್ಲಿ ಕಟ್ಟಿದ ಮನೆಗೂ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂದರೂ ಅದರ ಕೈಯಲ್ಲಿದ್ದುದು ರಸ್ತೆ, ಭವನ, ಕುಡಿಯುವ ನೀರು. ಹಕ್ಕು ಕೊಡುವ ಅಧಿಕಾರವಲ್ಲ.

ಕಂದಾಯ ಕಾನೂನಿಗೆ 94ಸಿ ಕಲಂ ಸೇರಿಸಿ, ಹಳ್ಳಿಯ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳ ಸಕ್ರಮಕ್ಕೆ ಮೊದಲು ದಾರಿ ಮಾಡಲಾಯಿತು. ಪೇಟೆಗೆ 94ಸಿಸಿ ಬಂತು. ಖಾಸಗಿ ಜಮೀನಿನ ಮೇಲಿನ ತಾಂಡಾ, ಹಟ್ಟಿಗಳ ಗಂಟು ಬಿಚ್ಚಿದ್ದು 2016ರ ಭೂಸುಧಾರಣಾ ತಿದ್ದುಪಡಿ. ಆಗ ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪ. 1951ರ ಗೇಣಿದಾರರ ಸತ್ಯಾಗ್ರಹ ನಡೆದ ಊರಿನವರು. 38–ಎ ಎಂಬ ಹೊಸ ಕಲಂ ಅರಸರ ಕಾಲದ 38ನೇ ಕಲಮಿನ ಪಕ್ಕದಲ್ಲೇ ಕೂತಿತು. ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯೂ ಹಳೆಯದರ ಜಾಡಿನಲ್ಲೇ ಹುಟ್ಟಿತು. ಎರಡು ಕಲಮುಗಳ ನಡುವೆ ಮುಖ್ಯ ವ್ಯತ್ಯಾಸವೊಂದಿದೆ. ಹಿಂದೆ ಒಬ್ಬೊಬ್ಬ ಕೂಲಿಗಾರ ಒಬ್ಬೊಬ್ಬ ಧಣಿಯ ಎದುರು ನಿಲ್ಲಬೇಕಿತ್ತು. ಈಗ ಇಡೀ ವಸತಿಯನ್ನೇ ಕಂದಾಯ ಗ್ರಾಮವೆಂದು ಘೋಷಿಸಿ, ಸರ್ವೆ ಮಾಡಿ, ಎಲ್ಲರಿಗೂ ಒಟ್ಟಿಗೆ ಹಕ್ಕುಪತ್ರ ಕೊಡುವ ಕ್ರಮ ಬಂತು. ಒಂಟಿಯಾಗಿ ಅರ್ಜಿ ಹಾಕುವ ಅಂಜಿಕೆ ಅದರಿಂದ ತಪ್ಪಿತು.

ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ವಸತಿಗಳು ಹೊಸ ಕಂದಾಯ ಗ್ರಾಮಗಳಾದವು. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿದರು. ಫಲಾನುಭವಿಗಳಲ್ಲಿ ಬಹುಪಾಲು ತಾಂಡಾದವರು. ಕಾನೂನು ತಂದ ಸರ್ಕಾರ ಒಂದು ಪಕ್ಷದ್ದು, ಪತ್ರ ಹಂಚಿದ್ದು ಇನ್ನೊಂದು ಪಕ್ಷದ್ದು. ಶ್ರೇಯಸ್ಸಿನ ಜಗಳ ಅದರಿಂದಾಗಿ ಕೆಲಕಾಲ ನಡೆಯಿತು. ಪತ್ರ ಕೈಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಅದು ನೋಂದಣಿಯಾಗಬೇಕು, ಪಂಚಾಯತಿಯ ಆಸ್ತಿ ದಾಖಲೆಯಾದ ಇ–ಸ್ವತ್ತಿನಲ್ಲಿ ಸೇರಬೇಕು, ಫಾರಂ 9 ಮತ್ತು 11–ಎ ಬರಬೇಕು. ಆಗ ಮಾತ್ರ ಬ್ಯಾಂಕು, ವಸತಿ ನಿಗಮ ಎರಡೂ ಅದನ್ನು ಆಸ್ತಿಯೆಂದು ಒಪ್ಪುತ್ತವೆ. ಅರಣ್ಯವೆಂದು ದಾಖಲಾದ ನೆಲದ ಮೇಲಿನ ಮನೆಗಳು ಈ ದಾರಿಯಿಂದ ಹೊರಗೇ ಇವೆ.

ಹಳೆಯ ಗಾವಠಾಣದ ಸರದಿ ಅದಕ್ಕೂ ತಡವಾಗಿ ಬಂತು. 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಊರೊಳಗಿನ ಮನೆಗಳನ್ನು ಅಳೆಯತೊಡಗಿತು. ಪ್ರಯೋಗಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಾಲಾರ್ ಜಂಗನ ಕಾಲದ ಸರ್ವೆಯವರು ಒಂದೇ ತುಂಡಾಗಿ ಬಿಟ್ಟುಹೋದದ್ದನ್ನು ಮನೆಮನೆಯಾಗಿ ಬಿಡಿಸುವ ಕೆಲಸ ಇದು.

ಇಷ್ಟೆಲ್ಲದರ ನಡುವೆ ಲೆಕ್ಕಕ್ಕೆ ಬಾರದೆ ಉಳಿದವರು ಪೇಟೆಯ ಬಾಡಿಗೆದಾರರು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಿಗೆ, ಪುಣೆ–ಹೈದರಾಬಾದ್ ಹೆದ್ದಾರಿಯ ಲಾರಿ ದುರಸ್ತಿ ಅಂಗಡಿಗಳಿಗೆ ದುಡಿಯಲು ಬಂದವರು ಬಾಯಿಮಾತಿನ ಕರಾರಿನಲ್ಲಿ ಕೋಣೆ ಹಿಡಿಯುತ್ತಾರೆ. 1961ರ ಕಾನೂನು ಮಾಲೀಕ ತೋರಿಸಬೇಕಾದ ಕಾರಣಗಳನ್ನು ಪಟ್ಟಿಮಾಡಿ ಬಾಡಿಗೆದಾರನ ಕಡೆ ವಾಲಿತ್ತು. ಅದರ ಬದಲಿಗೆ ಬಂದು 2001ರ ಕೊನೆಯ ದಿನ ಜಾರಿಯಾದ 1999ರ ಬಾಡಿಗೆ ಕಾನೂನು ತಕ್ಕಡಿಯನ್ನು ಮಾಲೀಕನ ಕಡೆ ಸರಿಸಿತು. ಅನುಸೂಚಿಯ ಮೊದಲ ಭಾಗದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ಮಿತಿಯನ್ನು ನಿಗದಿ ಮಾಡಿದಾಗಿನ ಬಾಡಿಗೆ ಇಂದಿಲ್ಲ. ಕೋವಿಡ್ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ನಡೆದು ಊರು ಸೇರಿದ ಮೇಲೆ, 2020ರ ಜುಲೈನಲ್ಲಿ, ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಅದರ ಒಂದು ಮುಖ್ಯ ಭಾಗ ನಗರಗಳಲ್ಲಿ ಸರ್ಕಾರಿ ಹಣದಿಂದ ಕಟ್ಟಿ ಖಾಲಿ ಬಿದ್ದಿದ್ದ ಫ್ಲಾಟುಗಳನ್ನು ಬಾಡಿಗೆಗೆ ಕೊಡುವುದು. 2024ರಲ್ಲಿ ಆರಂಭವಾದ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ಮನೆಗೆ ಒಂದು ವಿಭಾಗವೇ ಇದೆ. ಬಸವಕಲ್ಯಾಣದ ನಗರಸಭೆ, ಹುಮನಾಬಾದಿನ ಪುರಸಭೆಯಂಥ ಸ್ಥಳೀಯ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ.